ಕತ್ತರಿಸಿದ ಕೊಂಬೆಯಲ್ಲಿ ಎರಡನೇ ಹೂವು

ವಾಕ್ಯಭಾಗ: ಯೋಹಾನ 15:1-8



ನಮ್ಮ ಕೌಜಲಗಿ ಕಡೆಯಿಂದ ಬೆಳಗಾವಿ, ಬೆಂಗಳೂರಿಗೆ ಹೋಗಿರುವ ತಮ್ಮ-ತಂಗಿಯರು ಫೋನ್ ಮಾಡಿದಾಗ ಮತ್ತೆ ಮತ್ತೆ ಕೇಳೋ ಪ್ರಶ್ನೆ ಒಂದಿದೆ. “ಪಾಸ್ಟರ್, ನಾನು ಪ್ರಾರ್ಥನೆ ಬಿಟ್ಟಿಲ್ಲ, ಸೇವೆ ಬಿಟ್ಟಿಲ್ಲ. ಆದ್ರೂ ಕೆಲಸ ಹೋಯ್ತು. ದೇವರು ನನ್ನ ಕೈಬಿಟ್ಟನಾ?”

ಎರಡನೇ ವಚನ ನೋಡ್ರಿ. ತಂದೆಯ ಕತ್ತರಿ ಫಲ ಕೊಡುವ ಕೊಂಬೆಯ ಹತ್ತಿರವೂ ಬರುತ್ತದೆ. ಅಲ್ಲಿರುವ ಗ್ರೀಕ್ ಪದ ‘ಕಥೈರೋ’, ಅಂದರೆ ಶುದ್ಧಮಾಡುವುದು. ಮೂರನೇ ವಚನದಲ್ಲಿ ಯೇಸು ಶಿಷ್ಯರನ್ನು ಶುದ್ಧರು ಎಂದು ಕರೆಯುವಾಗಲೂ ಅದೇ ಮೂಲದ ಪದ. ಹಾಗಾದ್ರೆ ಕತ್ತರಿ ಬಂದ ಮಾತ್ರಕ್ಕೆ ದೇವರು ನಿನ್ನನ್ನು ಬಿಸಾಡಿದ ಅಂತ ತಿಳಿಯಬೇಡ.

ಅಂಗಳದ ಗುಲಾಬಿ ಗಿಡ ತಗೊಳ್ಳಿ. ಬಾಡಿದ ಹೂವನ್ನು ಹಾಗೇ ಬಿಟ್ಟರೆ ಅಲ್ಲಿ ಕಾಯಿ ಕಟ್ಟಿ, ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ. ಅದನ್ನು ತೆಗೆದು, ಹೊರಮುಖವಾಗಿರುವ ಕಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿದರೆ ಆ ಕಣ್ಣು ಚಿಗುರುತ್ತದೆ. ಸುಮಾರು 6-7 ವಾರಕ್ಕೆ ಹೊಸ ಚಿಗುರಿನ ತುದಿಯಲ್ಲಿ ಹೂವು! ಈ ಗಿಡದ್ದು ಮುಗೀತು ಅಂದವರಿಗೆ ಆಶ್ಚರ್ಯ. ಆದರೆ ಆ ಕಣ್ಣು ಮೊದಲಿಂದಲೂ ಅಲ್ಲೇ ಇತ್ತು. ಮೇಲಿನ ತುದಿ ಅದನ್ನು ತಡೆದಿಟ್ಟಿತ್ತು.

ಇಲ್ಲೊಂದು ಪಾಠ: ಎರಡನೇ ಸಲ ಬರೋದು ಹಳೇ ಹೂವಲ್ಲ. ನಾವು ಕಳಕೊಂಡದ್ದೇ ವಾಪಸ್ ಬೇಕು ಅಂತ ಅಳ್ತಾ ಇರುವಾಗ, ಕರ್ತನು ಕೆಳಗಿನ ಕಣ್ಣನ್ನು ನೋಡುತ್ತಿರುತ್ತಾನೆ.

“ಎಷ್ಟು ದಿನ ಕಾಯಬೇಕು?” ಅಂತೀರಾ? ಯೇಸು ಹೇಳಿದ ದ್ರಾಕ್ಷಿಬಳ್ಳಿಗೇ ಬನ್ನಿ. ನಮ್ಮ ಉತ್ತರಕ್ಕೆ ಅಥಣಿ, ವಿಜಯಪುರದ ರೈತರು ವರ್ಷಕ್ಕೆ 2 ಸಲ ಚಾಟ್ನಿ ಮಾಡ್ತಾರೆ. ಏಪ್ರಿಲ್ ಚಾಟ್ನಿ ಮಾಡೋದು ಹಣ್ಣಿಗಾಗಿ ಅಲ್ಲ, ಹೊಸ ಕಡ್ಡಿಗಾಗಿ. ಹೊರಗಿಂದ ನೋಡಿದ್ರೆ ಬರೀ ಎಲೆ. ಆದರೆ ಆ ತಿಂಗಳುಗಳಲ್ಲೇ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊಂಚಲು ರೂಪಗೊಳ್ಳುತ್ತದೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ಅದು ಹೊರಗೆ ಬರುತ್ತದೆ. ನೀನು ಈಗ ಏಪ್ರಿಲ್‌ನಲ್ಲಿ ಇರಬಹುದು, ತಮ್ಮಾ. ಗೊಂಚಲು ಕಾಣ್ತಿಲ್ಲ ಅಂತ ಬಳ್ಳಿಯನ್ನು ಬಿಟ್ಟು ಹೋಗಬೇಡ.

ಒಂದು ಎಚ್ಚರಿಕೆಯೂ ಹೇಳಬೇಕು. ದನ ನುಗ್ಗಿ ಗಿಡ ಮುರಿದರೆ ಅದಕ್ಕೆ ಯಾರೂ ಚಾಟ್ನಿ ಅನ್ನೋದಿಲ್ಲ. ಯಾರಾದರೂ ನಿನ್ನನ್ನು ಹೊಡೆದರೆ, ಮೋಸ ಮಾಡಿದರೆ, ಹೆದರಿಸಿದರೆ, ಅದನ್ನು ದೇವರ ಕತ್ತರಿ ಅಂತ ಸಹಿಸಿಕೊಂಡು ಕೂರಬೇಡ, ತಂಗೀ. ನಂಬಿಕೆಯ ಹಿರಿಯರಿಗೆ ಹೇಳು, ಸಹಾಯ ತಗೋ. ತೋಟಗಾರನ ಕೈ ಬೇರೆ, ದನದ ಕಾಲು ಬೇರೆ. ಮುರಿದುಹೋದ ಗಿಡವನ್ನೂ ತೋಟಗಾರ ಆರೈಕೆ ಮಾಡುತ್ತಾನೆ.

ಹಾಗಾದ್ರೆ ಕೊಂಬೆಯ ಕೆಲಸ ಏನು? ನಾಲ್ಕನೇ ವಚನದ ಪ್ರಕಾರ ಒಂದೇ: ಬಳ್ಳಿಯಲ್ಲಿ ನೆಲೆಗೊಂಡಿರುವುದು. ಈ ವಾರ ದಿನಕ್ಕೆ 15 ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ಈ ಅಧ್ಯಾಯ ಓದಿ, ಕಳಕೊಂಡದ್ದನ್ನು ಹೆಸರಿಟ್ಟು ಕರ್ತನಿಗೆ ಹೇಳಿ. ಸಭೆಯ ಕೂಟ ತಪ್ಪಿಸಬೇಡಿ. ಒಂಟಿಯಾಗಿ ಬಿದ್ದ ಕೊಂಬೆ ಚಿಗುರೋದಿಲ್ಲ.

ಪ್ರಾರ್ಥಿಸೋಣ. ತಂದೆಯೇ, ಗಾಯ ಇನ್ನೂ ಹಸಿಯಾಗಿರುವ ನಿನ್ನ ಮಕ್ಕಳನ್ನು ಬಳ್ಳಿಯಲ್ಲೇ ಹಿಡಿದುಕೋ. ನಿನ್ನ ಕಾಲದಲ್ಲಿ ಅವರನ್ನು ಚಿಗುರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.