ಗಲಭೆಗಳು ಹುಟ್ಟುವ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಗಲಭೆಯ ಮಾತೇಕೆ ಎಂದು ಓದುಗರು ಕೇಳಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂದು ಶಂಕಗಿರಿಯ ಸುತ್ತಮುತ್ತ ಬದುಕು ಕಟ್ಟಿಕೊಂಡಿರುವ ನಮಗೆ ಈ ವಿಷಯ ದೂರದ್ದಲ್ಲ. ನಮ್ಮ ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟು 1934ರಲ್ಲಿ ಪೂರ್ಣಗೊಂಡಿತು. ಕೊಡಗಿನಲ್ಲಿ ಮಳೆಯಾದರೆ ಅಲ್ಲಿ ನೀರು ಏರುತ್ತದೆ. ಮಳೆ ತಪ್ಪಿದರೆ ಎರಡೂ ರಾಜ್ಯಗಳಲ್ಲಿ ಮಾತು ಏರುತ್ತದೆ. ಮಾತು ಏರಿದಾಗಲೆಲ್ಲ ನಮ್ಮ ಮನೆಗಳ ಹಿರಿಯರು ಮಕ್ಕಳನ್ನು ಹೊತ್ತು ಮುಳುಗುವ ಮೊದಲೇ ಒಳಗೆ ಕರೆಯುತ್ತಾರೆ. ಆದ್ದರಿಂದ ಗಲಭೆ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿಯುವುದು ನಮಗೆ ಬರಿಯ ಪಾಠವಲ್ಲ, ಬಾಳಿನ ಅಗತ್ಯ.

ಕಾನೂನು ಏನು ಹೇಳುತ್ತದೆ?

ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕಾನೂನುಬಾಹಿರವಾದ ಸಮಾನ ಉದ್ದೇಶದಿಂದ ಕೂಡಿ, ಅದರ ಸಾಧನೆಗಾಗಿ ಅವರಲ್ಲಿ ಒಬ್ಬನೇ ಬಲಪ್ರಯೋಗ ಮಾಡಿದರೂ, ಆ ಕೂಟದ ಸದಸ್ಯರೆಲ್ಲರೂ ದೊಂಬಿಯ ಅಪರಾಧಿಗಳಾಗುತ್ತಾರೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ತತ್ತ್ವವನ್ನು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ. ‘ನಾನು ಕಲ್ಲು ಎಸೆಯಲಿಲ್ಲ’ ಎಂಬ ಮಾತು ಅಂಥ ಕೂಟದ ಸದಸ್ಯನನ್ನು ಕಾಪಾಡದು. ಆದರೆ ಕಾನೂನು ಅಪರಾಧವನ್ನು ಗುರುತಿಸುತ್ತದೆಯೇ ಹೊರತು ಅದರ ಮೂಲವನ್ನು ಹೇಳುವುದಿಲ್ಲ. ಮೂಲವನ್ನು ಚರಿತ್ರೆಯಲ್ಲಿ ಹುಡುಕಬೇಕು.

ಸೇಲಂ, 1882

ನಮ್ಮ ಜಿಲ್ಲಾ ಕೇಂದ್ರದಲ್ಲಿಯೇ 1882ರಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ನಡುವೆ ದೊಡ್ಡ ಗಲಭೆ ನಡೆಯಿತು. ಮೆರವಣಿಗೆಯ ದಾರಿಯಲ್ಲಿದ್ದ ಮಸೀದಿಯ ಎದುರು ವಾದ್ಯ ಬಾರಿಸಬಹುದೇ ಕೂಡದೇ ಎಂಬುದು ಮೇಲುನೋಟದ ಕಾರಣ. ಸಕಾಲದಲ್ಲಿ ಇತ್ಯರ್ಥವಾಗದ ಆ ವ್ಯಾಜ್ಯ ಕೊನೆಗೆ ಬೀದಿಗೆ ಬಂದಿತು. ಆ ಗಲಭೆಗೆ ಪ್ರಚೋದನೆ ನೀಡಿದರೆಂಬ ಆರೋಪದ ಮೇಲೆ ಅಲ್ಲಿನ ವಕೀಲರಾದ ಸಿ. ವಿಜಯರಾಘವಾಚಾರ್ಯರಿಗೆ ಶಿಕ್ಷೆಯಾಯಿತು, ಮದರಾಸು ಉಚ್ಚ ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅವರೇ ಮುಂದೆ 1920ರ ನಾಗಪುರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಗಲಭೆಯ ಬಿಸಿಯಲ್ಲಿ ಹೊರಿಸಿದ ದೋಷ ಎಷ್ಟು ತಪ್ಪಾಗಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಕಾವೇರಿಯ ಹೆಸರಿನಲ್ಲಿ

1990ರ ಜೂನ್ 2ರಂದು ರಚಿತವಾದ ಕಾವೇರಿ ನ್ಯಾಯಮಂಡಳಿಯು 1991ರ ಜೂನ್ 25ರಂದು, ವರ್ಷಕ್ಕೆ 205 ಟಿ.ಎಂ.ಸಿ. ನೀರು ಮೆಟ್ಟೂರಿಗೆ ಸೇರುವಂತೆ ಕರ್ನಾಟಕ ನೋಡಿಕೊಳ್ಳಬೇಕೆಂದು ಮಧ್ಯಂತರ ಆದೇಶ ನೀಡಿತು. ಅದು ಡಿಸೆಂಬರಿನಲ್ಲಿ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದೊಡನೆ ಕರ್ನಾಟಕದಲ್ಲಿ ಬಂದ್ ನಡೆಯಿತು. ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ಹಿಂಸೆ ಭುಗಿಲೆದ್ದಿತು. ಹದಿನೈದಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಸಾವಿರಾರು ತಮಿಳು ಕೂಲಿಕಾರರು ಮನೆಮಠ ಬಿಟ್ಟು ಇತ್ತ ಓಡಿಬಂದರು. ತಮಿಳುನಾಡಿನ ಕೆಲವೆಡೆಗಳಲ್ಲಿ ಕನ್ನಡಿಗರ ಮೇಲೆ ಸೇಡಿನ ಕೃತ್ಯಗಳು ನಡೆದವು. ಗಮನಿಸಿರಿ: ಗುಡಿಸಲು ಸುಟ್ಟುಹೋದ ಕೂಲಿಯವನಿಗೂ ನ್ಯಾಯಮಂಡಳಿಗೂ ಯಾವ ಸಂಬಂಧವೂ ಇರಲಿಲ್ಲ, ಅವನಿಗೆ ಒಂದು ಎಕರೆ ಗದ್ದೆಯೂ ಇರಲಿಲ್ಲ.

ಇಪ್ಪತ್ತೈದು ವರ್ಷಗಳ ಬಳಿಕ ಅದೇ ಕಥೆ ಮರುಕಳಿಸಿತು. 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯ ದಿನವೂ 15,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಲು ಹೇಳಿತು. 12ರಂದು ಆ ಪ್ರಮಾಣವನ್ನು 12,000ಕ್ಕೆ ಇಳಿಸಿ, ಅವಧಿಯನ್ನು 20ರವರೆಗೆ ವಿಸ್ತರಿಸಿತು. ಅಂದೇ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸು, ಲಾರಿಗಳು ಹತ್ತಾರು ಸಂಖ್ಯೆಯಲ್ಲಿ ಉರಿದವು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂದಿತು. ಅಂದು ಜನರನ್ನು ಕೆರಳಿಸಿದ್ದು ನೀರಿನ ಲೆಕ್ಕಕ್ಕಿಂತ ಹೆಚ್ಚಾಗಿ ಬೆಂಗಳೂರು, ಚೆನ್ನೈ, ರಾಮೇಶ್ವರಗಳಲ್ಲಿ ನಡೆದ ಹಲ್ಲೆಗಳ ದೃಶ್ಯಗಳು. ಅವು ದೂರದರ್ಶನದ ಪರದೆಯಿಂದಲೂ ಕೈಯಲ್ಲಿನ ಫೋನುಗಳಿಂದಲೂ ಗಳಿಗೆಗೊಮ್ಮೆ ಹರಡುತ್ತಿದ್ದವು.

ನಾಲ್ಕು ಕೊಂಡಿಗಳು

ಈ ಘಟನೆಗಳನ್ನು ಒಟ್ಟಿಗಿರಿಸಿ ನೋಡಿದರೆ ಗಲಭೆಯ ಹಿಂದೆ ನಾಲ್ಕು ಕೊಂಡಿಗಳು ಕಾಣುತ್ತವೆ. ಮೊದಲನೆಯದು, ಬಹುಕಾಲ ಪರಿಹಾರ ಕಾಣದ ಕುಂದುಕೊರತೆ. ಎರಡನೆಯದು, ಆ ಕೊರತೆಗೆ ನೆರೆಯವನೇ ಕಾರಣ ಎಂದು ಬೆರಳು ತೋರಿಸುವ ಮಾತು. ಮೂರನೆಯದು, ವದಂತಿ: ನಡೆದದ್ದನ್ನು ಹತ್ತುಪಟ್ಟು ಮಾಡಿ, ನಡೆಯದ್ದನ್ನೂ ಕೂಡಿಸಿ ಹರಡುವ ಸುದ್ದಿ. ನಾಲ್ಕನೆಯದು, ಆಡಳಿತದ ವಿಳಂಬವೂ ಗುಂಪಿನಲ್ಲಿ ತನ್ನ ಗುರುತು ಸಿಗದೆಂಬ ಧೈರ್ಯವೂ. ಒಬ್ಬನೇ ನಿಂತಾಗ ನಾಚುವ ಮನುಷ್ಯ ನೂರರಲ್ಲಿ ಒಬ್ಬನಾದಾಗ ನಾಚುವುದಿಲ್ಲ.

ಬಡತನವೋ ಬರಗಾಲವೋ ಗಲಭೆಗೆ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಬರ ಬಂದ ವರ್ಷಗಳಲ್ಲೆಲ್ಲ ಬೆಂಕಿ ಹತ್ತಿಲ್ಲ. ಕೊರತೆ ಒಣಗಿದ ಹುಲ್ಲು ಮಾತ್ರ. ಕಿಡಿ ಬೇರೆಡೆಯಿಂದ ಬರಬೇಕು. ಮೊದಲ ಕೊಂಡಿಯನ್ನು ಕಳಚುವುದು ಸರ್ಕಾರಗಳ, ನ್ಯಾಯಾಲಯಗಳ ಕೆಲಸ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಅಂತಿಮ ತೀರ್ಪು ನೀಡಿ, ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 177.25 ಟಿ.ಎಂ.ಸಿ. ಎಂದು ನಿಗದಿ ಮಾಡಿತು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ರಚನೆಯಾಯಿತು. ಎರಡನೆಯ, ಮೂರನೆಯ ಕೊಂಡಿಗಳು ಮಾತ್ರ ಜನಸಾಮಾನ್ಯರ ಕೈಯಲ್ಲಿವೆ. 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಒಂದೆಡೆ ಕುಳಿತು ಮಾತಾಡಿದರು, ಪರಸ್ಪರರ ಹೊಲಗದ್ದೆಗಳನ್ನು ನೋಡಿಬಂದರು. ನೆರೆಯವನ ಒಣಗಿದ ಪೈರನ್ನು ಕಣ್ಣಾರೆ ಕಂಡವನಿಗೆ ಅವನನ್ನು ಶತ್ರುವೆಂದು ಬಗೆಯುವುದು ಕಷ್ಟ.

ನಮ್ಮ ಹೊಣೆ

ವದಂತಿ ಒಂದೇ ಭಾಷೆಯಲ್ಲಿ ಹರಿದಾಡುತ್ತದೆ. ಬೆಂಗಳೂರಿನ ಸುಳ್ಳನ್ನು ಸೇಲಂ ಪರೀಕ್ಷಿಸಲಾರದು, ಸೇಲಂನ ಸುಳ್ಳನ್ನು ಬೆಂಗಳೂರು ಪರೀಕ್ಷಿಸಲಾರದು. ಎರಡೂ ಭಾಷೆ ಬಲ್ಲ ನಾವು ಎರಡೂ ಕಡೆಯ ಪತ್ರಿಕೆ ಓದಬಲ್ಲೆವು, ಎರಡೂ ಕಡೆಯ ನೆಂಟರನ್ನು ವಿಚಾರಿಸಬಲ್ಲೆವು, ‘ಇದು ಹಾಗಲ್ಲ’ ಎಂದು ನಮ್ಮ ಬೀದಿಯಲ್ಲಿ ತಮಿಳಿನಲ್ಲಿಯೂ ನಮ್ಮ ಬಂಧುಗಳಿಗೆ ಕನ್ನಡದಲ್ಲಿಯೂ ಹೇಳಬಲ್ಲೆವು. ಗಲಭೆಯ ಕಾಲದಲ್ಲಿ ಎರಡು ಭಾಷೆ ನಮಗೆ ಅಂಜಿಕೆಯ ಕಾರಣವಾಗಿ ತೋರುವುದು ಸಹಜ. ಅದೇ ನಮ್ಮ ಶಕ್ತಿಯೂ ಆಗಿದೆ. ಕನ್ನಡ ಶಾಲೆಯೊಂದು ತಮಿಳು ನಾಡಿನ ನೆಲದಲ್ಲಿ ಐವತ್ತು ವರ್ಷ ಬಾಳಿದ್ದು ನೆರೆಹೊರೆಯ ಸದ್ಭಾವನೆಯ ಬಲದಿಂದಲೂ ಹೌದು. ಆ ಸದ್ಭಾವನೆಯನ್ನು ಕಾಯುವುದು ಇಲ್ಲಿ ಅಕ್ಷರ ಕಲಿತ ಪ್ರತಿಯೊಬ್ಬರ ಕರ್ತವ್ಯ.