ಹಳೆಯ ಪುಟ್ಟ ಕಂಪ್ಯೂಟರಿಗೆ ಲಿನಕ್ಸ್: ತುರುವನೂರಿನಲ್ಲಿ ನಾವು ಮಾಡಿ ನೋಡಿದ್ದು



ತೋಟದ ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಇಡುವ ರೂಢಿ ನಮ್ಮ ಅನೇಕ ಸದಸ್ಯರಲ್ಲಿ ಬಂದು ಬಹಳ ವರ್ಷಗಳಾದವು. ಆಗ ಮನೆಗೆ ಬಂದ ಯಂತ್ರಗಳಲ್ಲಿ ಹತ್ತು ಅಂಗುಲ ಪರದೆಯ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ನೆಟ್‌ಬುಕ್‌ಗಳೂ ಇದ್ದವು. ಮಕ್ಕಳ ಓದಿಗೆಂದು ಕೊಂಡು, ಓದು ಮುಗಿದ ಮೇಲೆ ತೋಟದ ಮನೆಯ ಗೂಡಿಗೆ ಸೇರಿದವು ಇವು. ಖೇಣಿ ಲೆಕ್ಕ, ಆಳುಗಳ ಬಟವಾಡೆ, ರಾಶಿ ಅಡಿಕೆಯ ತೂಕ, ಗೊಬ್ಬರದ ಖರ್ಚು, ಕೊಳವೆ ಬಾವಿಯ ಆಳ, ಎಲ್ಲವೂ ಅವುಗಳಲ್ಲಿವೆ. ಈಗ ಅಂತಹ ಯಂತ್ರಗಳನ್ನು ಏನು ಮಾಡಬೇಕೆಂದು ಸದಸ್ಯರು ಕೇಳುತ್ತಿರುವುದರಿಂದ ಈ ಪಾಠವನ್ನು ಬರೆಯುತ್ತಿದ್ದೇವೆ.

ತುರುವನೂರಿನ ಹಿರಿಯ ಸದಸ್ಯರೊಬ್ಬರು ತಮ್ಮ ನೆಟ್‌ಬುಕ್ಕನ್ನು ಟವಲಿನಲ್ಲಿ ಸುತ್ತಿಕೊಂಡು ನಮ್ಮ ಬಳಿಗೆ ತಂದರು. ಆ ಸೀಮೆ ಮೊದಲಿನಿಂದ ಈರುಳ್ಳಿ, ಶೇಂಗಾ, ಜೋಳದ ಸೀಮೆ. ಅಡಿಕೆ ಬಂದದ್ದು ಕೊಳವೆ ಬಾವಿಯ ಬೆನ್ನಿಗೆ. ಇವರ ತೋಟ ಎರಡು ಎಕರೆ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿ, ಕಡತಗಳೆಲ್ಲ ಬರಿಯ ಶಾರ್ಟ್‌ಕಟ್ಟುಗಳಾಗಿ ಕಾಣುತ್ತಿದ್ದವು. ರಿಪೇರಿಯವರೊಬ್ಬರು ಗುಜರಿಗೆ ಹಾಕಿ ಎಂದಿದ್ದರಂತೆ. "ಸಾಮಾನು ಹೋದ್ರೆ ಹೋಗ್ಲಿ ಸ್ವಾಮಿ, ಖೇಣಿಯವನ ಮೂರು ವರ್ಷದ ಲೆಕ್ಕ ಇದ್ರಾಗೆ ಐತೆ, ಇನ್ನೂ ತೀರುವಳಿ ಆಗಿಲ್ಲ" ಎಂದರು. ಯಂತ್ರದ ಬೆಲೆಗಿಂತ ಒಳಗಿರುವ ಲೆಕ್ಕದ ಬೆಲೆ ಹೆಚ್ಚು ಎಂಬುದನ್ನು ನಾವು ಆವೊತ್ತು ಚೆನ್ನಾಗಿ ಮನಗಂಡೆವು.

ಕೆಟ್ಟದ್ದು ಯಾವುದು?

ಮೋಟಾರು ಚೆನ್ನಾಗಿದ್ದು ಸ್ಟಾರ್ಟರ್ ಸುಟ್ಟುಹೋದರೆ ಯಾರೂ ಮೋಟಾರನ್ನು ಎಸೆಯುವುದಿಲ್ಲ. ನೆಟ್‌ಬುಕ್ಕಿನ ಸಂಗತಿಯೂ ಬಹುಮಟ್ಟಿಗೆ ಹಾಗೆಯೇ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಈ ಯಂತ್ರಗಳೊಡನೆ ಬಂದದ್ದು ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಸ್ಟಾರ್ಟರ್. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಬೆಂಬಲ ಮುಗಿಯಿತೆಂದರೆ ಯಂತ್ರ ನಿಂತುಹೋಗುತ್ತದೆಂದು ಅರ್ಥವಲ್ಲ. ಬೇಲಿಯಲ್ಲಿ ಕಂಡಿ ಬಿದ್ದರೆ ಮುಚ್ಚುವವರಿಲ್ಲ ಎಂದು ಅರ್ಥ. ಕಂಡಿ ಎಲ್ಲಿದೆಯೆಂದು ಕಳ್ಳರಿಗೆ ತಿಳಿದಿರುತ್ತದೆ, ನಮಗೆ ತಿಳಿದಿರುವುದಿಲ್ಲ. ಹೊಸ ಬ್ರೌಸರುಗಳು ಆ ಹಳೆಯ ವ್ಯವಸ್ಥೆಯ ಮೇಲೆ ಏರುವುದೂ ಇಲ್ಲ.

ವಿಂಡೋಸ್ 10ಕ್ಕೆ ಹೋಗೋಣವೆಂದರೆ ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಒಂದು ಜಿಬಿ ಮೆಮೊರಿಯ ಯಂತ್ರದಲ್ಲಿ ಅದು ಎಳೆಯಲಾರದ ಎತ್ತಿನ ಹಾಗೆ ಕೂತುಬಿಡುತ್ತದೆ. ಹೀಗಾಗಿ ಉಳಿಯುವ ದಾರಿ ಲಿನಕ್ಸ್.

ಲಿನಕ್ಸ್ ಎಂಬುದರ ತಿರುಳನ್ನು 1991ರಲ್ಲಿ ಬರೆದವರು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್. ಅದಕ್ಕೆ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಕೆಲಸವನ್ನು ಘೋಷಿಸಿದ್ದರು. ಇವೆರಡೂ ಕೂಡಿ, ಲೋಕದ ನಾನಾ ಕಡೆಯವರು ಕೈಸೇರಿಸಿ ಬೆಳೆಸಿದ ವ್ಯವಸ್ಥೆ ಇದು. ಹಣ ಕೊಡಬೇಕಾಗಿಲ್ಲ, ನಕಲು ಮಾಡಿ ನೆರೆಯವರಿಗೆ ಕೊಡುವುದೂ ಕಾನೂನಿಗೆ ಒಪ್ಪಿದ್ದೇ. ಅಂದಹಾಗೆ 2007ರಲ್ಲಿ ಬಂದು ನೆಟ್‌ಬುಕ್ ಎಂಬ ಜಾತಿಗೇ ಹೆಸರು ತಂದ ಏಸಸ್ ಕಂಪನಿಯ ಈ-ಪಿಸಿ ಮೊದಲು ಮಾರುಕಟ್ಟೆಗೆ ಬಂದದ್ದು ಲಿನಕ್ಸಿನೊಂದಿಗೇ.

ಇದೆಲ್ಲ ಪಟ್ಟಣದ ಇಂಜಿನಿಯರುಗಳಿಗೆ ಮಾತ್ರ ಎಂದು ಹಿಂಜರಿಯುವವರು ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿಯೂ ನಮ್ಮಂತೆ ಅಡಿಕೆ ಬೆಳೆಗಾರರೇ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ ಈಗ ಕೈಟ್ ಎಂಬ ಹೆಸರಿನಲ್ಲಿರುವ ಸರ್ಕಾರಿ ಸಂಸ್ಥೆಯು ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸನ್ನೇ ಹಾಕಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅಲ್ಲಿನ ಹೈಸ್ಕೂಲ್ ಹುಡುಗಿಗೆ ಸಾಧ್ಯವಾದದ್ದು ನಮ್ಮ ಮನೆಯ ಮಕ್ಕಳಿಗೂ ಸಾಧ್ಯ.

ಮೊದಲು ಲೆಕ್ಕವನ್ನು ಹೊರಗೆ ತೆಗೆಯತಕ್ಕದ್ದು

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕು. ತುರುವನೂರಿನ ಯಂತ್ರಕ್ಕಿಂತ ಮೊದಲು ಬೇರೊಬ್ಬ ಸದಸ್ಯರ ಯಂತ್ರಕ್ಕೆ ಲಿನಕ್ಸ್ ಹಾಕಿದ್ದೆವು. ಸಿ ಡ್ರೈವಿನಲ್ಲಿದ್ದ ಕಡತಗಳನ್ನು ನಕಲು ಮಾಡಿಕೊಂಡು, ಇಡೀ ಡಿಸ್ಕನ್ನು ಬಳಸು ಎಂಬುದನ್ನು ಒತ್ತಿದೆವು. ಡಿ ಡ್ರೈವನ್ನು ತೆರೆದು ನೋಡಲೇ ಇಲ್ಲ. ಅವರ ತಂದೆಯವರು ದಿನವೂ ಬರೆದಿಟ್ಟಿದ್ದ ಮಳೆಯ ಲೆಕ್ಕವನ್ನು ಮೊಮ್ಮಗ ಟೈಪು ಮಾಡಿ ಅಲ್ಲಿ ಇಟ್ಟಿದ್ದ. ಮೂಲ ಪುಸ್ತಕಕ್ಕೆ ಗೆದ್ದಲು ಹತ್ತಿ ಆಗಲೇ ಹೋಗಿತ್ತು. ನಾಲ್ಕು ವರ್ಷದ ಮಳೆ ಅರ್ಧ ಗಂಟೆಯಲ್ಲಿ ಅಳಿಸಿಹೋಯಿತು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ಹೆಚ್ಚು ಕಷ್ಟವಾಯಿತು.

ಆದುದರಿಂದ ಎಲ್ಲ ಡ್ರೈವ್‌ಗಳನ್ನೂ ತೆರೆದು ನೋಡಿ, ಎರಡು ಬೇರೆ ಬೇರೆ ಪೆನ್‌ಡ್ರೈವ್‌ಗಳಿಗೆ ನಕಲು ತೆಗೆದು, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ಮುಂದಿನ ಹೆಜ್ಜೆ ಇಡತಕ್ಕದ್ದು. ವೈರಸ್ ಹತ್ತಿದ ಯಂತ್ರವಾದರೆ ವಿಂಡೋಸನ್ನು ತೆರೆಯುವುದೇ ಬೇಡ. ಮುಂದೆ ಹೇಳುವ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಯಂತ್ರವನ್ನು ಎಬ್ಬಿಸಿ ನಕಲು ತೆಗೆಯಬಹುದು. ತುರುವನೂರಿನ ಯಂತ್ರದಲ್ಲಿ ಹೀಗೆ ಮಾಡಿದಾಗ ವೈರಸ್ ಮರೆಮಾಡಿದ್ದ ಕಡತಗಳೆಲ್ಲ ಎದುರಿಗೆ ಬಂದವು. ಖೇಣಿ ಲೆಕ್ಕವೂ ಸಿಕ್ಕಿತು.

ಎಕ್ಸೆಲ್‌ನಲ್ಲಿ ಇಟ್ಟ ಲೆಕ್ಕಗಳು ಲಿನಕ್ಸಿನ ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತವೆ. ಕೂಡುವ ಕಳೆಯುವ ಸೂತ್ರಗಳೂ ಉಳಿಯುತ್ತವೆ. ಟ್ಯಾಲಿ ಬಳಸುವವರು ಮಾತ್ರ ನಿಲ್ಲಬೇಕು. ಅದು ವಿಂಡೋಸಿಗೆಂದು ಮಾಡಿದ್ದು. ಟ್ಯಾಲಿಯ ಲೆಕ್ಕವನ್ನು ಮೊದಲೇ ಎಕ್ಸೆಲ್ ರೂಪಕ್ಕೆ ತೆಗೆದಿಟ್ಟುಕೊಳ್ಳದೆ ಬದಲಾವಣೆಗೆ ಕೈ ಹಾಕಬಾರದು.

ಕನ್ನಡದ ಕಡತಗಳದು ಬೇರೆಯೇ ಕಥೆ. ಹಳೆಯ ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ ಪತ್ರಗಳಲ್ಲಿ ನಿಜವಾಗಿ ಇರುವುದು ಇಂಗ್ಲಿಷಿನ ಸಂಕೇತಗಳು. ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗುತ್ತವೆ. ಕಡತ ಕೆಟ್ಟಿತೆಂದು ತಿಳಿದು ಅಳಿಸಬಾರದು. ವಿಂಡೋಸಿನ ಫಾಂಟ್ಸ್ ಎಂಬ ಕಪಾಟಿನಿಂದ ನುಡಿ, ಬರಹದ ಫಾಂಟುಗಳನ್ನೂ ಪೆನ್‌ಡ್ರೈವ್‌ಗೆ ತೆಗೆದುಕೊಂಡು, ಲಿನಕ್ಸಿನಲ್ಲಿ ಸೇರಿಸಿದರೆ ಹಳೆಯ ಪತ್ರಗಳನ್ನು ಓದಬಹುದು, ಮುದ್ರಿಸಬಹುದು. ಮುಂದೆ ಬೇಕಾಗುವ ಪತ್ರಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಯಾವ ಯಂತ್ರದಲ್ಲಾದರೂ, ಮೊಬೈಲಿನಲ್ಲಾದರೂ ಕನ್ನಡವೇ ಕಾಣುತ್ತದೆ.

ಯಾವ ಲಿನಕ್ಸ್?

ಲಿನಕ್ಸಿನಲ್ಲಿ ತಳಿಗಳು ಬಹಳ. ನಮ್ಮ ಯಂತ್ರಕ್ಕೆ ಒಗ್ಗುವುದನ್ನು ಆರಿಸಬೇಕು. ಮೊದಲು ಪ್ರೊಸೆಸರಿನ ಹೆಸರು ನೋಡಿ. ಇಂಟೆಲ್ ಆಟಂ ಎನ್ 270 ಅಥವಾ ಎನ್ 280 ಎಂದಿದ್ದರೆ ಅದು 32 ಬಿಟ್ಟಿನದು. ಎನ್ 450, ಎನ್ 455 ಎಂದಿದ್ದರೆ 64 ಬಿಟ್ಟಿನದೂ ನಡೆಯುತ್ತದೆ. ಈ ವ್ಯತ್ಯಾಸ ಬಹಳ ಮುಖ್ಯ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಹಳೆಯ, ನಂಬಿಗಸ್ತ ತಳಿಯು 2023ರ ಜೂನ್‌ನಲ್ಲಿ ಬಂದ ತನ್ನ 12ನೆಯ ಆವೃತ್ತಿಯವರೆಗೆ 32 ಬಿಟ್ಟಿನ ಯಂತ್ರಗಳಿಗೂ ಅನುಸ್ಥಾಪಕವನ್ನು ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ 13ನೆಯದರಲ್ಲಿ ಅದನ್ನು ನಿಲ್ಲಿಸಿತು. 12ನೆಯದಕ್ಕೆ ದೀರ್ಘಾವಧಿ ನಿರ್ವಹಣೆ 2028ರ ಜೂನ್ ತನಕ ಎಂದು ಪ್ರಕಟವಾಗಿದೆ. ಅಂದರೆ 32 ಬಿಟ್ಟಿನ ಯಂತ್ರಕ್ಕೆ ನಾವು ಕೊಡುತ್ತಿರುವುದು ಕೆಲವು ವರ್ಷಗಳ ಆಯುಸ್ಸು. ಇದನ್ನು ಮುಚ್ಚಿಡುವುದು ಸರಿಯಲ್ಲ. 64 ಬಿಟ್ಟಿನದಾದರೆ ಆ ಚಿಂತೆ ಇಲ್ಲ.

ತುರುವನೂರಿನ ಯಂತ್ರದಲ್ಲಿ ಎನ್ 270, ಮೆಮೊರಿ ಒಂದು ಜಿಬಿ. ಡೆಬಿಯನ್ 12ರ ಬುನಾದಿಯ ಮೇಲೆ ಕಟ್ಟಿದ, ಬಹಳ ಹಗುರವಾದ ಆಂಟಿಎಕ್ಸ್ 23 ಎಂಬುದರ 32 ಬಿಟ್ಟಿನ ಆವೃತ್ತಿಯನ್ನು ಆರಿಸಿದೆವು. ಉಬುಂಟುವಿನ ಹೆಸರು ಕೇಳಿದವರು ಅದನ್ನೇ ಹಾಕೋಣ ಎನ್ನುತ್ತಾರೆ. ಇಷ್ಟು ಸಣ್ಣ ಯಂತ್ರಕ್ಕೆ ಅದು ಭಾರ.

ಅನುಸ್ಥಾಪನೆ

ಬೇರೊಂದು ಒಳ್ಳೆಯ ಯಂತ್ರದಲ್ಲಿ ಕಡತವನ್ನು ಇಳಿಸಿಕೊಂಡು, ರೂಫಸ್‌ನಂತಹ ಸಾಧನದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಬೇಕು. ಸುಮ್ಮನೆ ನಕಲು ಮಾಡಿ ಹಾಕಿದರೆ ಯಂತ್ರ ಏಳುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಲೆಕ್ಕದ ನಕಲು ಇಟ್ಟದ್ದನ್ನೇ ಇದಕ್ಕೆ ಬಳಸೀರಿ, ಜೋಕೆ.

ನೆಟ್‌ಬುಕ್ಕಿಗೆ ಪೆನ್‌ಡ್ರೈವ್ ಹಾಕಿ, ಗುಂಡಿ ಒತ್ತಿದ ಕೂಡಲೇ ಎಸ್ಕೇಪ್, ಎಫ್2 ಅಥವಾ ಎಫ್12 ಕೀಲಿಯನ್ನು ಒತ್ತುತ್ತಿರಬೇಕು. ಯಾವುದೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪೆನ್‌ಡ್ರೈವ್‌ನಿಂದ ಎದ್ದ ಮೇಲೆ ಡಿಸ್ಕಿಗೆ ಏನೂ ಆಗದಂತೆ ಲಿನಕ್ಸನ್ನು ಬಳಸಿ ನೋಡಬಹುದು. ಒಂದು ದಿನವಾದರೂ ಹೀಗೆ ನೋಡಿ. ವೈಫೈ ಹಿಡಿಯುತ್ತದೆಯೇ, ಶಬ್ದ ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ? ಬ್ರಾಡ್‌ಕಾಂ ಎಂಬ ಕಂಪನಿಯ ಕೆಲವು ವೈಫೈ ಬಿಲ್ಲೆಗಳು ತಕರಾರು ಮಾಡುತ್ತವೆ. ಆಗ ತಂತಿಯಿಂದ ಇಂಟರ್ನೆಟ್ ಕೊಟ್ಟು ಅದಕ್ಕೆ ಬೇಕಾದ ತಂತ್ರಾಂಶವನ್ನು ತರಿಸಬೇಕು.

ನೆಟ್‌ಬುಕ್ಕಿನ ಪರದೆ 1024 ಅಗಲ, 600 ಎತ್ತರದ್ದು. ಅನುಸ್ಥಾಪನೆಯ ಕಿಟಕಿ ಕೆಳಗೆ ಜಾರಿ, ಮುಂದೆ ಎಂಬ ಗುಂಡಿ ಕಾಣದಿರಬಹುದು. ಆಲ್ಟ್ ಕೀಲಿ ಹಿಡಿದುಕೊಂಡು ಮೌಸಿನಿಂದ ಕಿಟಕಿಯನ್ನು ಮೇಲಕ್ಕೆ ಎಳೆದರೆ ಕಾಣುತ್ತದೆ. ಇಷ್ಟು ತಿಳಿಯದೆ ನಾವು ಒಂದು ಮಧ್ಯಾಹ್ನ ಕಳೆದೆವು.

ಹಳೆಯ ನೆಟ್‌ಬುಕ್ಕುಗಳ ಬ್ಯಾಟರಿ ಸತ್ತಿರುವುದೇ ಹೆಚ್ಚು. ಅನುಸ್ಥಾಪನೆಯ ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬಂತಾಗುತ್ತದೆ. ಇನ್‌ವರ್ಟರ್ ಇರುವ ಮನೆಯಲ್ಲಿ ಕೂತು ಮಾಡುವುದು ಕ್ಷೇಮ. ನಮಗೆ ಹಿಡಿದದ್ದು ಸುಮಾರು ಒಂದು ಗಂಟೆ. ಗುಪ್ತಪದವನ್ನು ಪತ್ರದ ಟ್ರಂಕಿನಲ್ಲಿ ಪಹಣಿಯ ಜೊತೆ ಬರೆದಿಡಿ. ಅದನ್ನು ಮರೆತು ನಮ್ಮ ಬಳಿಗೆ ಬರುವವರೇ ಹೆಚ್ಚು.

ಆನಂತರ

ಮೊದಲು ಗಡಿಯಾರ ನೋಡಿ. ಒಳಗಿನ ಗುಂಡಿಯಾಕಾರದ ಬ್ಯಾಟರಿ ಮುಗಿದಿದ್ದರೆ ಯಂತ್ರ ಹದಿನೈದು ವರ್ಷ ಹಿಂದಿನ ತಾರೀಖಿಗೆ ಹೋಗಿರುತ್ತದೆ. ಆಗ ಯಾವ ಜಾಲತಾಣವೂ ತೆರೆಯದೆ ಅಪಾಯವೆಂಬ ಎಚ್ಚರಿಕೆ ಬರುತ್ತದೆ. ಲಿನಕ್ಸ್ ಕೆಟ್ಟಿತೆಂದು ಗಾಬರಿಯಾಗದೆ ಆ ಬ್ಯಾಟರಿ ಬದಲಿಸಬೇಕು.

ಕನ್ನಡ ಟೈಪಿಗೆ ಐಬಸ್ ಮತ್ತು ಎಂ17ಎನ್ ಎಂಬ ಎರಡು ತಂತ್ರಾಂಶಗಳನ್ನು ಸೇರಿಸಿ, ಪಟ್ಟಿಯಲ್ಲಿ ಕನ್ನಡ ಕೆಜಿಪಿ ಎಂಬುದನ್ನು ಆರಿಸಿದರೆ ನುಡಿಯ ಕೀಲಿಮಣೆಯೇ ಬರುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದ ಕೀಲಿಮಣೆ ಅದು. ಬೆರಳುಗಳು ಹೊಸದಾಗಿ ಕಲಿಯಬೇಕಾಗಿಲ್ಲ. ಅಕ್ಷರಕ್ಕೆ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ನಿನ ಭಂಡಾರದಲ್ಲೇ ಇವೆ.

ಮೆಮೊರಿಯನ್ನು ಎರಡು ಜಿಬಿಗೆ ಏರಿಸಿದರೆ ಯಂತ್ರ ಚುರುಕಾಗುತ್ತದೆ. ಈ ಜಾತಿಯವಕ್ಕೆ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ ತಡಮಾಡದೆ ಸಣ್ಣ ಎಸ್ಎಸ್‌ಡಿ ಹಾಕಿಸಿ.

ಪೇಟೆ ಧಾರಣೆ ನೋಡುವುದು, ಪಹಣಿ ನೋಡುವುದು, ಲೆಕ್ಕ ಬರೆಯುವುದು, ಅರ್ಜಿ ಟೈಪು ಮಾಡುವುದು, ಇಷ್ಟಕ್ಕೆ ತುರುವನೂರಿನ ಯಂತ್ರ ಈಗ ಸಾಕಾಗಿದೆ. ಒಂದೇ ಸಲ ಹತ್ತು ಪುಟ ತೆರೆದರೆ ನಿಂತುಬಿಡುತ್ತದೆ. ವಿಡಿಯೋ ನೋಡುವ ಆಸೆ ಇಟ್ಟುಕೊಳ್ಳಬಾರದು. ಬ್ಯಾಂಕಿನ ವ್ಯವಹಾರವನ್ನು 32 ಬಿಟ್ಟಿನ ಯಂತ್ರದಲ್ಲಿ ಮಾಡದಿರುವುದೇ ಒಳಿತೆಂದು ನಮ್ಮ ಅಭಿಪ್ರಾಯ. ಕ್ರೋಮ್ ಬ್ರೌಸರು 32 ಬಿಟ್ಟಿನ ಲಿನಕ್ಸನ್ನು 2016ರಲ್ಲೇ ಕೈಬಿಟ್ಟಿತು. ಫೈರ್‌ಫಾಕ್ಸಿನವರೂ 2026ರಲ್ಲಿ ಕೈಬಿಡುವುದಾಗಿ 2025ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆ ಅಪ್‌ಡೇಟ್ ಮಾಡುವುದನ್ನು ಮಾತ್ರ ತಪ್ಪಿಸಕೂಡದು.

ಖೇಣಿ ಲೆಕ್ಕದ ತೀರುವಳಿ ಕಳೆದ ತಿಂಗಳು ಆಯಿತೆಂದು ಆ ಸದಸ್ಯರು ಹೇಳಿ ಕಳಿಸಿದ್ದಾರೆ. ಅಂಕಿಗಳನ್ನು ಅಚ್ಚು ಹಾಕಿಸಿ ಮುಂದಿಟ್ಟ ಮೇಲೆ ಖೇಣಿಯವರೂ ಒಪ್ಪಿದರಂತೆ.

ಯಂತ್ರಗಳನ್ನು ಸಂಘದ ಕಚೇರಿಗೆ ತರುವ ಸದಸ್ಯರು ಚಾರ್ಜರ್, ಎರಡು ಖಾಲಿ ಪೆನ್‌ಡ್ರೈವ್‌ಗಳು ಹಾಗೂ ಡಿ ಡ್ರೈವಿನಲ್ಲಿ ಏನಿದೆಯೆಂದು ತಿಳಿದ ಮನೆಯವರೊಬ್ಬರನ್ನು ಜೊತೆಗೆ ಕರೆತರತಕ್ಕದ್ದು.