ಸಿಂಹಾಸನದಿಂದ ರಾಜ್ಯಪಾಲ ಪದವಿಗೆ: ಶ್ರೀ ಜಯಚಾಮರಾಜೇಂದ್ರ ಒಡೆಯರು

(ಅಂತಿಮ ಬಿ.ಎ. ತರಗತಿ)

ಗಂಗಾನಗರದಿಂದ ಮೇಖ್ರಿ ವೃತ್ತವನ್ನು ದಾಟಿ ನಗರದೊಳಕ್ಕೆ ಹೋಗುವವರಿಗೆ ಅರಮನೆಯ ಮೈದಾನವೂ, ಜಯಮಹಲ್ ಬಡಾವಣೆಯೂ, ಜೆ.ಸಿ. ನಗರವೂ ಒಂದರ ನೆರೆಗೆ ಒಂದು ಸಿಗುತ್ತವೆ. ಜೆ.ಸಿ. ಎಂಬ ಎರಡಕ್ಷರಗಳು ಜಯಚಾಮರಾಜೇಂದ್ರ ಎಂಬ ಹೆಸರಿನ ಸಂಕ್ಷೇಪವೆಂಬುದನ್ನು ದಿನವೂ ಆ ಹಾದಿಯಲ್ಲಿ ಓಡಾಡುವ ನಮ್ಮಲ್ಲಿ ಅನೇಕರು ಮರೆತಿದ್ದೇವೆ. ಅವರು ಮೈಸೂರಿನ ಮಹಾರಾಜರಾಗಿದ್ದರೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹತ್ತು ವರ್ಷಗಳಿಗೆ ಕೊಂಚ ಕಡಿಮೆ ಕಾಲ ಎರಡು ರಾಜ್ಯಗಳ ರಾಜ್ಯಪಾಲರಾಗಿದ್ದರೆಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಈ ಎರಡನೆಯ ಭಾಗವೇ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ.

ಬಾಲ್ಯ ಮತ್ತು ಪಟ್ಟಾಭಿಷೇಕ

ಶ್ರೀ ಜಯಚಾಮರಾಜೇಂದ್ರ ಒಡೆಯರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತಂದೆ. ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರು ತಾಯಿ. ರಾಜಕುಮಾರರಾಗಿದ್ದರೂ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1938ರಲ್ಲಿ ಚಿನ್ನದ ಪದಕಗಳೊಡನೆ ಪದವೀಧರರಾದರು. 1940ನೆಯ ಇಸವಿ ಅವರ ಪಾಲಿಗೆ ಕಠಿಣವಾದ ವರ್ಷವಾಗಿದ್ದಿತು. ಮಾರ್ಚ್‌ನಲ್ಲಿ ತಂದೆಯವರೂ, ಆಗಸ್ಟ್ 3ರಂದು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರಿಗೆ ಪಟ್ಟವಾಯಿತು. ನಮ್ಮ ತರಗತಿಯ ಹುಡುಗರ ವಯಸ್ಸಿನಲ್ಲಿ ಒಂದು ದೊಡ್ಡ ಸಂಸ್ಥಾನದ ಭಾರ ಹೆಗಲ ಮೇಲೆ ಬಿದ್ದಿತೆಂಬುದನ್ನು ಮಿತ್ರರು ಊಹಿಸಿಕೊಳ್ಳಬಹುದು.

ಜವಾಬ್ದಾರಿ ಸರ್ಕಾರದ ಪ್ರಶ್ನೆ

ಇಲ್ಲಿಯ ಕಥೆ ಕೇವಲ ಸ್ತುತಿಗೆ ತಕ್ಕುದಲ್ಲ. 1947ರ ಆಗಸ್ಟ್‌ನಲ್ಲಿ ಮೈಸೂರು ಸಂಸ್ಥಾನ ಭಾರತದ ಒಕ್ಕೂಟವನ್ನು ಸೇರಿತು. ಆದರೆ ಸಂಸ್ಥಾನದೊಳಗೆ ಅಧಿಕಾರ ಇನ್ನೂ ಮಹಾರಾಜರ ಮತ್ತು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇದ್ದಿತು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನ ಪ್ರಜೆಗೆ ತನ್ನ ಮಂತ್ರಿಯನ್ನು ಆರಿಸಿಕೊಳ್ಳುವ ಹಕ್ಕು ಬರಲಿಲ್ಲ. ಆದುದರಿಂದಲೇ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಹೂಡಲ್ಪಟ್ಟಿತು. ಅದರಲ್ಲಿ ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲಿದ್ದರು. ಮೈಸೂರು ನಗರದಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಎಂಬ ವಿದ್ಯಾರ್ಥಿಯ ಹೆಸರು ಅಲ್ಲಿನ ವೃತ್ತವೊಂದಕ್ಕೆ ಇಂದಿಗೂ ಇದೆ. ಮಹಾರಾಜರ ಔದಾರ್ಯವನ್ನು ಹೇಳುವವರು ಈ ಬಾಲಕನ ಹೆಸರನ್ನೂ ಹೇಳಬೇಕು. ಒಂದನ್ನು ಬಿಟ್ಟು ಮತ್ತೊಂದನ್ನು ಹೇಳಿದರೆ ಚರಿತ್ರೆ ಅರ್ಧವಾಗುತ್ತದೆ.

ಅಕ್ಟೋಬರ್‌ನಲ್ಲಿ ಮಹಾರಾಜರು ಚಳವಳಿಯ ಬೇಡಿಕೆಯನ್ನು ಒಪ್ಪಿದರು. ಅದೇ ತಿಂಗಳ 25ರಂದು ಶ್ರೀ ಕೆ.ಸಿ. ರೆಡ್ಡಿಯವರ ನೇತೃತ್ವದ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಒಪ್ಪುವಲ್ಲಿ ತಡವಾಯಿತೆಂಬುದು ನಿಜ. ಆದರೆ ಒಮ್ಮೆ ಒಪ್ಪಿದ ಮೇಲೆ ಅವರು ಹಿಂದಕ್ಕೆ ನೋಡಲಿಲ್ಲವೆಂಬುದೂ ಅಷ್ಟೇ ನಿಜ. 1949ರ ನವೆಂಬರ್ 25ರಂದು ಹೊರಡಿಸಿದ ಘೋಷಣೆಯ ಮೂಲಕ, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗತಕ್ಕದ್ದೆಂದು ಅಂಗೀಕರಿಸಿದರು.

ರಾಜಪ್ರಮುಖರೆಂದರೆ ಯಾರು?

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ರಾಜ್ಯಗಳನ್ನು ಭಾಗಗಳಾಗಿ ವಿಂಗಡಿಸಿದ್ದಿತು. ಹಿಂದಿನ ಬ್ರಿಟಿಷ್ ಪ್ರಾಂತಗಳು ‘ಎ’ ಭಾಗ. ಅಲ್ಲಿ ರಾಷ್ಟ್ರಪತಿಗಳು ನೇಮಿಸಿದ ರಾಜ್ಯಪಾಲರು. ಮೈಸೂರು, ಹೈದರಾಬಾದುಗಳಂಥ ದೊಡ್ಡ ಸಂಸ್ಥಾನಗಳು ‘ಬಿ’ ಭಾಗ, ಅಲ್ಲಿ ರಾಜಪ್ರಮುಖರು. ರಾಜಪ್ರಮುಖ ಪದವಿಯಲ್ಲಿ ಹಳೆಯ ಅರಸೊತ್ತಿಗೆಯ ನೆರಳು ಇದ್ದಿತು. ರಾಜ್ಯಪಾಲ ಪದವಿಯಲ್ಲಿ ಅದು ಇರಲಿಲ್ಲ. ರಾಜ್ಯಪಾಲರು ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ, ಸಾಮಾನ್ಯವಾಗಿ ಐದು ವರ್ಷ, ಅಧಿಕಾರದಲ್ಲಿರುವವರು. ಸಂವಿಧಾನದ 163ನೆಯ ವಿಧಿಯಂತೆ ಅವರಿಗೆ ನೆರವೂ ಸಲಹೆಯೂ ನೀಡಲು ಮಂತ್ರಿಮಂಡಲವಿರುತ್ತದೆ. ಆ ಮಂತ್ರಿಮಂಡಲವು ವಿಧಾನ ಸಭೆಗೆ ಹೊಣೆ. ಅರಸನ ಮಾತು ಮಂತ್ರಿಗೆ ಅಪ್ಪಣೆಯಾಗಿದ್ದ ಕಾಲ ಹೋಗಿ, ಮಂತ್ರಿಯ ಸಲಹೆಗೆ ರಾಜ್ಯದ ಮುಖ್ಯಸ್ಥನು ಅಂಕಿತ ಹಾಕುವ ಕಾಲ ಬಂದಿತು.

1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ರಾಜಪ್ರಮುಖ ಪದವಿ ರದ್ದಾಯಿತು. ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳ ಕನ್ನಡ ಪ್ರದೇಶಗಳೂ ಕೊಡಗೂ ಸೇರಿ 19 ಜಿಲ್ಲೆಗಳ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಆ ದಿನ ಪದವಿ ಕಳೆದುಕೊಂಡ ರಾಜಪ್ರಮುಖರ ಪೈಕಿ ಹೊಸ ರಾಜ್ಯದ ರಾಜ್ಯಪಾಲರಾಗಿ ನೇಮಕಗೊಂಡವರು ಮೈಸೂರಿನ ಮಹಾರಾಜರೊಬ್ಬರೇ. ಇದು ಅವರ ನಡತೆಗೆ ಸಂದ ಗೌರವವೆಂದರೆ ತಪ್ಪಾಗಲಾರದು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಧಾರವಾಡದ ರೈತ, ಕಲಬುರಗಿಯ ನೇಕಾರ, ಮಂಗಳೂರಿನ ಬೆಸ್ತ, ಮಡಿಕೇರಿಯ ಬೆಳೆಗಾರ ಇವರಾರೂ ಅವರ ಪ್ರಜೆಗಳಾಗಿದ್ದವರಲ್ಲ. ಇವರ ಮುಂದೆ ಅವರು ವಂಶದ ಹಕ್ಕಿನಿಂದ ನಿಲ್ಲುವಂತಿರಲಿಲ್ಲ. ಸಂವಿಧಾನದ ಪ್ರಮಾಣವಚನದ ಬಲದಿಂದ ಮಾತ್ರ ನಿಲ್ಲಬಹುದಾಗಿದ್ದಿತು. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ ಇವರೆಲ್ಲ ಅವರ ಕಾಲದ ಮುಖ್ಯಮಂತ್ರಿಗಳು. ಇವರಲ್ಲಿ ಯಾರೂ ಅರಸು ಮನೆತನದವರಲ್ಲ.

ಮದರಾಸಿನಲ್ಲಿ

1964ರ ಮೇ 4ರಂದು ಅವರು ಮದರಾಸು ರಾಜ್ಯದ ರಾಜ್ಯಪಾಲರಾದರು. ಶ್ರೀ ಎಂ. ಭಕ್ತವತ್ಸಲಂ ಅಲ್ಲಿನ ಮುಖ್ಯಮಂತ್ರಿಗಳು. ಮರುವರ್ಷದ ಜನವರಿಯಲ್ಲಿ ಹಿಂದಿಯ ವಿರುದ್ಧ ವಿದ್ಯಾರ್ಥಿಗಳ ದೊಡ್ಡ ಚಳವಳಿ ಆ ರಾಜ್ಯದಲ್ಲಿ ಎದ್ದಿತು. 1947ರಲ್ಲಿ ವಿದ್ಯಾರ್ಥಿಗಳ ಚಳವಳಿಗೆ ಉತ್ತರ ಹೇಳುವ ಹೊಣೆ ಅರಮನೆಯದಾಗಿದ್ದಿತು. 1965ರಲ್ಲಿ ಆ ಹೊಣೆ ಚುನಾಯಿತ ಸರ್ಕಾರದ್ದು. ಹದಿನೆಂಟು ವರ್ಷಗಳಲ್ಲಿ ದೇಶ ನಡೆದ ದೂರವನ್ನು ಒಬ್ಬನೇ ವ್ಯಕ್ತಿಯ ಜೀವಿತದಲ್ಲಿ ಹೀಗೆ ಅಳೆಯಬಹುದು. 1966ರ ಜೂನ್‌ವರೆಗೆ ಅವರು ಆ ಪದವಿಯಲ್ಲಿದ್ದರು.

ವಿದ್ಯೆ ಮತ್ತು ಕಲೆ

ಅಧಿಕಾರ ಕರಗಿದರೂ ಕರಗದ ಸಂಪತ್ತು ಅವರಲ್ಲಿದ್ದಿತು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಪಾಶ್ಚಾತ್ಯ ಸಂಗೀತದಲ್ಲೂ ನಿಷ್ಣಾತರಾಗಿ, ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯವಿತ್ತರು. ಋಗ್ವೇದವು ಕನ್ನಡ ಅರ್ಥದೊಡನೆ ಅಚ್ಚಾಗುವುದಕ್ಕೆ ಅವರ ಆಶ್ರಯ ಕಾರಣವಾಯಿತು. ಭಾರತೀಯ ವನ್ಯಜೀವಿ ಮಂಡಲಿಯ ಪ್ರಥಮ ಅಧ್ಯಕ್ಷರೂ ಅವರೇ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ತನ್ನ ಫೆಲೋಷಿಪ್ ಇತ್ತು ಗೌರವಿಸಿತು.

1971ರ ಸಂವಿಧಾನ ತಿದ್ದುಪಡಿಯಿಂದ ಅರಸರ ರಾಜಧನವೂ ಬಿರುದುಗಳ ಮನ್ನಣೆಯೂ ನಿಂತವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು.

ಸಮಾರೋಪ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹಿರಿಯರು ಈಗಲೂ ‘ನಮ್ಮ ಮಹಾಸ್ವಾಮಿಗಳು’ ಎಂದೇ ಕೈಮುಗಿಯುತ್ತಾರೆ. ‘ರಾಜ್ಯಪಾಲರು’ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಅವರ ಭಕ್ತಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಓದಿದವರಾದ ನಾವು ಆ ಭಕ್ತಿಯ ಜೊತೆಗೆ ಒಂದು ವಿವೇಚನೆಯನ್ನೂ ಬೆಳೆಸಿಕೊಳ್ಳಬೇಕಾಗಿದೆ.

ಅರಮನೆಯ ಸರ್ಕಾರದ ವಿರುದ್ಧ ಹೋರಾಡಿದ ಕೆ.ಸಿ. ರೆಡ್ಡಿಯವರು 1965ರಲ್ಲಿ ಮಧ್ಯಪ್ರದೇಶದ ರಾಜ್ಯಪಾಲರಾದರು. ಜತ್ತಿಯವರು 1972ರಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ಅರಸರು ಕುಳಿತ ಪೀಠ, ಅರಸರೊಡನೆ ಸೆಣಸಿದವರು ಕುಳಿತ ಪೀಠ, ಹಳ್ಳಿಯ ಸಾಧಾರಣ ಕುಟುಂಬದಿಂದ ಬಂದವರು ಕುಳಿತ ಪೀಠ ಇವೆಲ್ಲ ಒಂದೇ ಆದದ್ದು ಸಂವಿಧಾನದ ಮಹಿಮೆ. ಹುಟ್ಟಿನಿಂದ ಬಂದ ಅಧಿಕಾರವನ್ನು ಇಳಿಸಿಟ್ಟು, ನಿಯಮದಿಂದ ಬಂದ ಅಧಿಕಾರವನ್ನು ಅದರ ಮಿತಿಯೊಳಗೆ ನಡೆಸುವುದು ಸುಲಭದ ಕೆಲಸವಲ್ಲ. ಜಯಚಾಮರಾಜೇಂದ್ರ ಒಡೆಯರು ಅದನ್ನು ಮಾಡಿ ತೋರಿಸಿದರು. ಸಿಂಹಾಸನವನ್ನು ಏರಿದವರು ಚರಿತ್ರೆಯಲ್ಲಿ ಬಹಳ ಮಂದಿ. ಗೌರವ ಕೆಡದಂತೆ ಇಳಿಯಬಲ್ಲವರು ಕೆಲವರೇ. ಆ ಕೆಲವರಲ್ಲಿ ಅವರೊಬ್ಬರು.